ಹಕ್ಕು ಯಾರ ಕೊಡುಗೆ?

ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೆರಡನೆಯ ಅಧ್ಯಾಯವನ್ನು ನಾವೆಲ್ಲರೂ ಎಷ್ಟೋ ಸಲ ಕೇಳಿದ್ದೇವೆ. ಜೆರುಸಲೇಮಿನಲ್ಲಿ ಗಲಭೆ ಎದ್ದಿದೆ. ರೋಮನ್ ಸೈನಿಕರು ಸಂತ ಪೌಲರನ್ನು ಹಿಡಿದು ಕೋಟೆಯೊಳಕ್ಕೆ ಒಯ್ದಿದ್ದಾರೆ. ಗಲಭೆಯ ಕಾರಣವನ್ನು ಅವರ ಬಾಯಿಂದಲೇ ಹೊರಡಿಸಬೇಕೆಂದು ಸಹಸ್ರಾಧಿಪತಿಯು ಚಾವಟಿಯ ಅಪ್ಪಣೆ ಕೊಟ್ಟಿದ್ದಾನೆ. ಬಾರುಗಳಿಂದ ಬಿಗಿಸಿಕೊಂಡು ನಿಂತ ಆ ಗಳಿಗೆಯಲ್ಲಿ ಪೌಲರು ಕರುಣೆ ಬೇಡಲಿಲ್ಲ. ಬಲ್ಲಿದರ ಹೆಸರು ಹೇಳಲಿಲ್ಲ. ವಿಚಾರಣೆಯೇ ಆಗದ ರೋಮನ್ ಪೌರನನ್ನು ಹೀಗೆ ಹೊಡೆಯಲು ಕಾನೂನಿನಲ್ಲಿ ಅವಕಾಶವುಂಟೇ ಎಂದು ಪಕ್ಕದಲ್ಲಿದ್ದ ಶತಾಧಿಪತಿಯನ್ನು ಕೇಳಿದರು. ಚಾವಟಿ ನಿಂತಿತು. ಕಟ್ಟಿಸಿದ ಅಧಿಕಾರಿಗೇ ಅಂಜಿಕೆ ಹಿಡಿಯಿತು.

ಅದೇ ಪ್ರಸಂಗದಲ್ಲಿ ಇನ್ನೊಂದು ಮಾತು ಬರುತ್ತದೆ. ಸಹಸ್ರಾಧಿಪತಿಯು ತಾನು ರೋಮನ್ ಪೌರತ್ವವನ್ನು ದೊಡ್ಡ ಮೊತ್ತ ತೆತ್ತು ಪಡೆದುದಾಗಿ ಹೇಳುತ್ತಾನೆ. ಪೌಲರು, ತಮಗದು ಹುಟ್ಟಿನಿಂದಲೇ ಬಂದುದೆನ್ನುತ್ತಾರೆ. ಒಬ್ಬನಿಗೆ ಹಕ್ಕು ಕೊಂಡುಕೊಂಡ ಪದಾರ್ಥ. ಇನ್ನೊಬ್ಬರಿಗೆ ಹುಟ್ಟಿನೊಡನೆ ಬಂದ ಸ್ವತ್ತು. ಆದರೆ ಅಂದು ಅದೇ ಜಾಗದಲ್ಲಿ ಪೌರತ್ವವಿಲ್ಲದ ಒಬ್ಬ ಬಡಪಾಯಿಯೋ ಗುಲಾಮನೋ ನಿಂತಿದ್ದರೆ? ಅವನ ಬೆನ್ನೂ ಪೌಲರ ಬೆನ್ನಿನಂತೆಯೇ ನೋಯುವ ಬೆನ್ನು. ಆದರೂ ಚಾವಟಿ ನಿಲ್ಲುತ್ತಿರಲಿಲ್ಲ. ರೋಮಿನ ಕಾನೂನು ರೋಮನ್ನನನ್ನು ಕಾಯುತ್ತಿತ್ತು, ಮನುಷ್ಯನನ್ನು ಕಾಯುತ್ತಿರಲಿಲ್ಲ.

ಹಾಗಾದರೆ ಮನುಷ್ಯನ ಹಕ್ಕು ಯಾರ ಕೊಡುಗೆ? ರಾಜ್ಯ ಕೊಟ್ಟದ್ದೆಂದಾದರೆ ರಾಜ್ಯವು ಅದನ್ನು ಹಿಂದಕ್ಕೆ ಪಡೆಯಲೂ ಬಹುದು. ಮನುಷ್ಯನಾಗಿ ಹುಟ್ಟಿದ್ದರಿಂದಲೇ ಬಂದದ್ದೆಂದಾದರೆ ಅದನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ. ತತ್ತ್ವಶಾಸ್ತ್ರದ ತರಗತಿಯಲ್ಲಿ ಇದು ಒಂದು ಗಂಟೆಯ ಚರ್ಚೆ. ಆದರೆ ನಮ್ಮ ದೇಶದಲ್ಲಿ 1976ರಲ್ಲಿ ಇದೇ ಪ್ರಶ್ನೆಯ ಮೇಲೆ ಸಾವಿರಾರು ಜನರ ಬಿಡುಗಡೆ ಮಾತ್ರವಲ್ಲ, ಜೀವವೂ ತೂಗುತ್ತಿತ್ತು. ಆ ಕಥೆಯನ್ನು ನಮ್ಮ ಮಕ್ಕಳು ತಿಳಿದಿರಬೇಕೆಂಬ ಆಶಯದಿಂದ ಇಲ್ಲಿ ಮತ್ತೊಮ್ಮೆ ಹೇಳುತ್ತಿದ್ದೇವೆ.

ನ್ಯಾಯಾಲಯದ ಬಾಗಿಲು ಮುಚ್ಚಿದ ದಿನಗಳು

1975ರ ಜೂನ್ 25ರ ರಾತ್ರಿ ದೇಶದಲ್ಲಿ ಆಂತರಿಕ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಳಿಗ್ಗೆ, ಸಂಸದೀಯ ಸಮಿತಿಯೊಂದರ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದ ನಾಯಕರು ದಸ್ತಗಿರಿಯಾಗಿ ಇಲ್ಲಿನ ಕೇಂದ್ರ ಕಾರಾಗೃಹವನ್ನು ಸೇರಿದರು. ಮುಂದಿನ ಇಪ್ಪತ್ತೊಂದು ತಿಂಗಳುಗಳಲ್ಲಿ ದೇಶಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆಯಾದರು. ಅವರಲ್ಲಿ ಬಹುಮಂದಿಯ ಮೇಲೆ ವಿಚಾರಣೆಯೇ ನಡೆಯಲಿಲ್ಲ.

ಬಂಧಿತನ ಮನೆಯವರು ಇಂಥ ಹೊತ್ತಿನಲ್ಲಿ ಹಾಕುವ ಅರ್ಜಿಗೆ ಹೇಬಿಯಸ್ ಕಾರ್ಪಸ್ ಎಂದು ಹೆಸರು. ಲತೀನ್ ಭಾಷೆಯ ಈ ಮಾತಿನ ಅರ್ಥ ಸರಳ: ಆ ಮನುಷ್ಯನನ್ನು ತಂದು ಮುಂದೆ ನಿಲ್ಲಿಸು. ಹಿಡಿದವರು ಯಾವ ಕಾನೂನಿನ ಮೇರೆಗೆ ಹಿಡಿದರೆಂಬುದನ್ನು ನ್ಯಾಯಾಧೀಶರ ಎದುರು ಹೇಳಲೇಬೇಕು. ಆದರೆ 1975ರ ಜೂನ್ 27ರಂದು ಹೊರಟ ರಾಷ್ಟ್ರಪತಿಗಳ ಆಜ್ಞೆಯು ಸಂವಿಧಾನದ 14, 21 ಮತ್ತು 22ನೆಯ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಅಮಾನತಿನಲ್ಲಿಟ್ಟಿತ್ತು. 14ನೆಯದು ಸಮಾನತೆ, 21ನೆಯದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ, 22ನೆಯದು ಬಂಧಿತನಿಗಿರುವ ರಕ್ಷಣೆ. ಹೀಗಿದ್ದರೂ ಇಂಥ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆಯೆಂದು ಕರ್ನಾಟಕದ ಉಚ್ಚ ನ್ಯಾಯಾಲಯವೂ ಸೇರಿದಂತೆ ಒಂಬತ್ತು ಉಚ್ಚ ನ್ಯಾಯಾಲಯಗಳು ಎತ್ತಿ ಹಿಡಿದವು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು. ಜಬಲ್ಪುರದ ಪ್ರಕರಣವೆಂದು ಇಂದಿಗೂ ಹೆಸರಾಗಿರುವುದು ಅದೇ ಮೊಕದ್ದಮೆ.

ಸರ್ಕಾರದ ವಾದ ನಾವು ಮೇಲೆ ಹೇಳಿದ ಮೊದಲನೆಯ ಉತ್ತರವೇ ಆಗಿತ್ತು. ಜೀವದ ಹಕ್ಕು ಸಂವಿಧಾನದ 21ನೆಯ ವಿಧಿಯಿಂದ ಬಂದದ್ದು. ಆ ವಿಧಿಯೇ ಅಮಾನತಿನಲ್ಲಿರುವಾಗ ಕೇಳಲು ಉಳಿದಿರುವುದೇನು? ಪೀಠದಲ್ಲಿದ್ದ ನ್ಯಾಯಮೂರ್ತಿ ಹೆಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. ಒಬ್ಬ ಪೊಲೀಸನು ತನ್ನ ಸ್ವಂತ ದ್ವೇಷಕ್ಕಾಗಿಯೇ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರವಿಲ್ಲವೇ? ತಮ್ಮ ವಾದದ ಪ್ರಕಾರ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಉತ್ತರ ಬಂತು. ಆ ಮಾತಿನ ಕಠೋರತೆಗೆ ವಕೀಲರೊಬ್ಬರನ್ನೇ ದೂರುವಂತಿಲ್ಲ. ಹಕ್ಕು ರಾಜ್ಯದ ಕೊಡುಗೆಯೆಂಬ ತರ್ಕವನ್ನು ಕೊನೆಯ ಮೆಟ್ಟಿಲವರೆಗೆ ಇಳಿದರೆ ಅಲ್ಲಿ ಸಿಗುವುದು ಅದೇ ಉತ್ತರ.

ಐವರಲ್ಲಿ ಒಬ್ಬರು

1976ರ ಏಪ್ರಿಲ್ 28ರಂದು ತೀರ್ಪು ಹೊರಬಿತ್ತು. ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ, ನ್ಯಾಯಮೂರ್ತಿಗಳಾದ ಎಂ.ಹೆಚ್. ಬೇಗ್, ವೈ.ವಿ. ಚಂದ್ರಚೂಡ್ ಮತ್ತು ಪಿ.ಎನ್. ಭಗವತಿ ಸರ್ಕಾರದ ವಾದವನ್ನು ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ 21ನೆಯ ವಿಧಿಯೊಂದೇ ಆಧಾರವಲ್ಲ. ಆ ವಿಧಿ ಇಲ್ಲದೆ ಹೋದರೂ ಕಾನೂನಿನ ಅಧಿಕಾರವಿಲ್ಲದೆ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಲು ರಾಜ್ಯಕ್ಕೆ ಬಾರದು. ಇಷ್ಟೂ ಇಲ್ಲದಿದ್ದರೆ ಕಾನೂನುಳ್ಳ ಸಮಾಜಕ್ಕೂ ಕಾನೂನಿಲ್ಲದ ಸಮಾಜಕ್ಕೂ ಭೇದವೇ ಉಳಿಯದು ಎಂಬುದು ಅವರ ಭಿನ್ನ ತೀರ್ಪಿನ ಸಾರ.

ಈ ತೀರ್ಪಿಗೆ ತೆರಬೇಕಾದ ಬೆಲೆ ಅವರಿಗೆ ಮೊದಲೇ ಗೊತ್ತಿತ್ತು. ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಬಹುದೆಂದು ಮನೆಯವರಿಗೆ ಮುಂಚಿತವಾಗಿಯೇ ತಿಳಿಸಿದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಸೇವಾ ಹಿರಿತನದಲ್ಲಿ ಅವರ ಸರದಿ ಬಂದಾಗ ಅವರನ್ನು ದಾಟಿ ಬೇಗ್ ಅವರನ್ನು ಆ ಸ್ಥಾನಕ್ಕೆ ಏರಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರಬಂದರು. ಇಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಅವರು ಕುಳಿತಿದ್ದ ಎರಡನೆಯ ಕೊಠಡಿಯಲ್ಲಿ ಅವರ ಭಾವಚಿತ್ರವಿದೆ.

ದೆಹಲಿಯ ತೀರ್ಪು, ಬೆಂಗಳೂರಿನ ಕೋಣೆ

ತೀರ್ಪುಗಳು ದಪ್ಪ ಹೊತ್ತಿಗೆಗಳಲ್ಲಿ ಮಲಗಿರುವುದರಿಂದ ಅವುಗಳಿಗೂ ನಮ್ಮ ಮನೆಗಳಿಗೂ ಏನು ಸಂಬಂಧವೆಂದು ತೋರಬಹುದು. ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ, 1976ರ ಮೇ ತಿಂಗಳ ಮೊದಲಲ್ಲಿ, ಬೆಂಗಳೂರಿನಲ್ಲಿ ನಡೆದುದನ್ನು ನೋಡೋಣ.

ಮಂಗಳೂರಿನ ಕಥೋಲಿಕ ಕುಟುಂಬವೊಂದರಲ್ಲಿ ಹುಟ್ಟಿ, ಹರೆಯದಲ್ಲಿ ಯಾಜಕನಾಗಬೇಕೆಂದು ಬೆಂಗಳೂರಿನ ಗುರುಮಠವನ್ನು ಸೇರಿ, ಅದನ್ನು ಬಿಟ್ಟು ಕಾರ್ಮಿಕ ನಾಯಕರಾದ ಜಾರ್ಜ್ ಫೆರ್ನಾಂಡಿಸ್ ಆಗ ಭೂಗತರಾಗಿದ್ದರು. ಅವರ ಸುಳಿವಿಗಾಗಿ ಪೊಲೀಸರು ಅವರ ತಮ್ಮ ಲಾರೆನ್ಸ್ ಫೆರ್ನಾಂಡಿಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದೊಯ್ದರು. ಅಣ್ಣ ಎಲ್ಲಿರುವನೆಂದು ಬಾಯಿ ಬಿಡಿಸಲು ತಮ್ಮನನ್ನು ಬಡಿದರು. ಅನೇಕ ದಿನಗಳ ತನಕ ಮಗ ಎಲ್ಲಿದ್ದಾನೆಂಬುದೇ ಮನೆಯವರಿಗೆ ತಿಳಿಯಲಿಲ್ಲ. ಕೊನೆಗೆ ಕಂಡಾಗ ಅವರ ದೇಹ ಜರ್ಜರಿತವಾಗಿತ್ತು. ತಾಯಿ ಆಲಿಸ್ ಫೆರ್ನಾಂಡಿಸ್ ಮಗನಿಗೆ ಆದುದನ್ನೆಲ್ಲ ಬರೆದು ರಾಷ್ಟ್ರಪತಿಗಳಿಗೆ ಪತ್ರ ಕಳುಹಿಸಿದರು. ನಮ್ಮ ಮಗನನ್ನು ತಂದು ಮುಂದೆ ನಿಲ್ಲಿಸಿ ಎಂದು ನ್ಯಾಯಾಲಯದಲ್ಲಿ ಕೇಳುವ ದಾರಿ ಮುಚ್ಚಿದ್ದಾಗ ತಾಯಿಗೆ ಉಳಿದಿದ್ದುದು ಅಂಚೆಯ ಲಕೋಟೆಯೊಂದೇ.

ಅದೇ ಮೇ ತಿಂಗಳ ಮೊದಲಲ್ಲೇ ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಅವರಿಗೆ ತೀವ್ರವಾದ ಉಬ್ಬಸವಿತ್ತು. ಎಂಟು ತಿಂಗಳ ಸೆರೆಯಲ್ಲಿ ಕಾಯಿಲೆ ಉಲ್ಬಣಿಸಿತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಸೆರೆಮನೆ ಈಗ ಅಲ್ಲಿಲ್ಲ. ಅದರ ಜಾಗದಲ್ಲಿ 2008ರಲ್ಲಿ ತೆರೆದ ಉದ್ಯಾನಕ್ಕೆ ‘ಫ್ರೀಡಂ ಪಾರ್ಕ್’ ಎಂದು ಹೆಸರಿಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಹೆಸರಿನ ಹಿಂದಿರುವ ಕಥೆಯನ್ನು ಒಂದಿಷ್ಟು ಹೇಳುವುದು ಒಳ್ಳೆಯದು.

ಹುಟ್ಟಿನ ಹಕ್ಕು, ಕಾನೂನಿನ ಕಾವಲು

ನ್ಯಾಯಮೂರ್ತಿ ಖನ್ನಾ ಅವರು ಕಾನೂನಿನ ಭಾಷೆಯಲ್ಲಿ ಹೇಳಿದ ಮಾತು ನಮ್ಮ ಪರಂಪರೆಗೆ ಹೊಸತಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಸಂತ ತೋಮಸ್ ಅಕ್ವಿನಾಸರು, ನ್ಯಾಯಕ್ಕೆ ವಿರುದ್ಧವಾದ ಕಟ್ಟಳೆಯು ಕಾನೂನೆನಿಸುವುದಕ್ಕಿಂತ ಹಿಂಸೆಯೆನಿಸುವುದೇ ಸರಿ ಎಂಬ ಅರ್ಥದಲ್ಲಿ ಬರೆದರು. ಅರಸನ ಆಜ್ಞೆಗಿಂತ ಮೊದಲೇ ನ್ಯಾಯವೊಂದಿದೆ. ಆಜ್ಞೆಯನ್ನು ಅಳೆಯುವ ಕೋಲು ಅದು. 1963ರ ಏಪ್ರಿಲ್ 11ರಂದು ಜಗದ್ಗುರು ಇಪ್ಪತ್ತಮೂರನೆಯ ಜಾನರು ‘ಪಾಚೆಮ್ ಇನ್ ತೆರ್ರಿಸ್’ ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದಾಗ ಅದನ್ನು ಧರ್ಮಸಭೆಯ ಮಕ್ಕಳಿಗೆ ಮಾತ್ರವಲ್ಲದೆ ಸನ್ಮನಸ್ಸಿನ ಎಲ್ಲ ಜನರಿಗೂ ಬರೆದರು. ಮನುಷ್ಯನು ವ್ಯಕ್ತಿಯಾಗಿರುವುದರಿಂದಲೇ ಅವನಿಗೆ ಹಕ್ಕುಗಳಿವೆ, ಕರ್ತವ್ಯಗಳೂ ಇವೆ ಎಂಬ ಮಾತಿನಿಂದಲೇ ಆ ಪತ್ರದ ವಾದವೆಲ್ಲ ಹೊರಡುತ್ತದೆ.

ಅದಕ್ಕೂ ಮೊದಲು, 1948ರ ಡಿಸೆಂಬರ್ 10ರಂದು, ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತ್ತು. ನಲವತ್ತೆಂಟು ರಾಷ್ಟ್ರಗಳು ಪರವಾಗಿ ಮತ ಕೊಟ್ಟವು, ಎಂಟು ತಟಸ್ಥವಾಗಿದ್ದವು, ವಿರೋಧಿಸಿದ್ದು ಒಂದೂ ಇಲ್ಲ. ಅದರ ಮೊದಲನೆಯ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥಕ್ಕೆ ಎಡೆಗೊಡುತ್ತಿದ್ದ ಇಂಗ್ಲಿಷ್ ಪದವನ್ನು ತೆಗೆಸಿ, ‘ಎಲ್ಲ ಮಾನವ ಜೀವಿಗಳು’ ಎಂದು ಮಾಡಿಸಲು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಹಕ್ಕು ಹುಟ್ಟಿನಿಂದಲೇ ಬಂದದ್ದೆಂದ ಮೇಲೆ ಹುಟ್ಟಿದವರಲ್ಲಿ ಅರ್ಧದಷ್ಟು ಜನರನ್ನು ಹೊಸ್ತಿಲಾಚೆ ನಿಲ್ಲಿಸುವುದು ಹೇಗೆ?

ನಮ್ಮ ಸಂವಿಧಾನ ಸಭೆಯಲ್ಲಿಯೂ ಇದೇ ದೃಷ್ಟಿ ಕೆಲಸ ಮಾಡಿತು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ವಂದನೀಯ ಜೆರೋಮ್ ಡಿಸೋಜರು ಮದ್ರಾಸು ಪ್ರಾಂತ್ಯದಿಂದ ಆ ಸಭೆಯ ಸದಸ್ಯರಾಗಿದ್ದರು. ಬಂಗಾಳದ ಕ್ರೈಸ್ತ ವಿದ್ವಾಂಸರಾದ ಹರೇಂದ್ರ ಕುಮಾರ್ ಮುಖರ್ಜಿ ಅದರ ಉಪಾಧ್ಯಕ್ಷರು. ಶಾಸನಸಭೆಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆಂದು ಯೋಚಿಸಿದ್ದ ಮೀಸಲು ಸ್ಥಾನಗಳನ್ನು 1949ರಲ್ಲಿ ಕೈಬಿಡುವಾಗ ಕ್ರೈಸ್ತ ಪ್ರತಿನಿಧಿಗಳು ಅದಕ್ಕೆ ಒಪ್ಪಿದರು. ನಮ್ಮವರಿಗೆಂದು ಬೇರೆ ಕುರ್ಚಿಗಳನ್ನು ಕೇಳುವುದಕ್ಕಿಂತ, ಎಲ್ಲರಿಗೂ ಸಮನಾಗಿ ಬರೆದ ಮೂಲಭೂತ ಹಕ್ಕುಗಳಲ್ಲಿ ನಂಬಿಕೆಯಿಡುವುದೇ ಲೇಸೆಂದು ಆ ಹಿರಿಯರು ಕಂಡುಕೊಂಡರು.

ಹಕ್ಕು ಹುಟ್ಟಿನಿಂದ ಬಂದದ್ದಾದರೆ ಕಾನೂನು ಏತಕ್ಕೆ ಎಂದು ಯಾರಾದರೂ ಕೇಳಬಹುದು. ಬಿಹಾರದ ರುದಲ್ ಶಾ ಎಂಬವರ ಪ್ರಕರಣವೇ ಇದಕ್ಕೆ ಉತ್ತರ. 1968ರ ಜೂನ್ ತಿಂಗಳಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಟ್ಟಿತು. ಸೆರೆಮನೆ ಬಿಡಲಿಲ್ಲ. ಅವರು ಹೊರಬಂದದ್ದು 1982ರ ಅಕ್ಟೋಬರಿನಲ್ಲಿ, ಹದಿನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆ ಹದಿನಾಲ್ಕು ವರ್ಷವೂ ಅವರಲ್ಲಿ ಹುಟ್ಟಿನ ಹಕ್ಕು ಇದ್ದೇ ಇತ್ತು. ಅದನ್ನು ಹಿಡಿದು ಕೇಳುವವರು ಇರಲಿಲ್ಲ. ಹೇಬಿಯಸ್ ಕಾರ್ಪಸ್ ಅರ್ಜಿಯೊಂದು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿದ ಮೇಲೆ, 1983ರಲ್ಲಿ, ಒಟ್ಟು 35,000 ರೂಪಾಯಿ ಪರಿಹಾರ ಕೊಡುವಂತೆ ಆಜ್ಞೆಯಾಯಿತು. ಮೂಲಭೂತ ಹಕ್ಕಿನ ಭಂಗಕ್ಕಾಗಿ ರಾಜ್ಯವೇ ಹಣ ತೆರಬೇಕೆಂಬ ದಾರಿಯನ್ನು ಆ ತೀರ್ಪು ತೆರೆಯಿತು. ಅದನ್ನು ಬರೆದವರು 1976ರಲ್ಲಿ ಬಹುಮತದ ಕಡೆಗಿದ್ದ ಅದೇ ವೈ.ವಿ. ಚಂದ್ರಚೂಡರು.

ಬಾಗಿಲಿಗೆ ಹಾಕಿದ ಹೊಸ ಅಗುಳಿ

ತುರ್ತು ಪರಿಸ್ಥಿತಿ ಮುಗಿದ ಮೇಲೆ ಸಂಸತ್ತು 1978ರ ನಲವತ್ತನಾಲ್ಕನೆಯ ತಿದ್ದುಪಡಿಯ ಮೂಲಕ ಎರಡು ಮುಖ್ಯ ಕೆಲಸ ಮಾಡಿತು. ತುರ್ತು ಪರಿಸ್ಥಿತಿ ಸಾರುವುದಕ್ಕೆ ‘ಆಂತರಿಕ ಕ್ಷೋಭೆ’ ಎಂಬ ಸಡಿಲವಾದ ಕಾರಣವನ್ನು ತೆಗೆದು ‘ಸಶಸ್ತ್ರ ದಂಗೆ’ ಎಂದು ಬಿಗಿಗೊಳಿಸಿತು. ಎಂಥ ತುರ್ತಿನಲ್ಲಿಯೂ 20 ಮತ್ತು 21ನೆಯ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲವೆಂದು ಬರೆಯಿತು.

ಆದರೂ 1976ರ ತೀರ್ಪು ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಅಳಿಸುವುದಕ್ಕೆ ನಿಮಿತ್ತರಾದವರು ಕರ್ನಾಟಕದ ಹಿರಿಯರೊಬ್ಬರು. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ತಮ್ಮ ಎಂಬತ್ತರ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಖಾಸಗಿತನವು ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಅದರಿಂದ ಎದ್ದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೌದೆಂದು ಒಮ್ಮತದಿಂದ ಹೇಳಿತು. ಹೇಳುವಾಗಲೇ ಜಬಲ್ಪುರದ ತೀರ್ಪನ್ನು ತಳ್ಳಿಹಾಕಿ, ಜೀವ ಮತ್ತು ಸ್ವಾತಂತ್ರ್ಯ ಮನುಷ್ಯನಿಂದ ಬೇರ್ಪಡಿಸಲಾಗದ ಹಕ್ಕುಗಳು, ಅವು ಸಂವಿಧಾನ ಸೃಷ್ಟಿಸಿದವುಗಳಲ್ಲ ಎಂದು ಸಾರಿತು. ಮುಖ್ಯ ಅಭಿಪ್ರಾಯವನ್ನು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರು 1976ರ ಪೀಠದಲ್ಲಿದ್ದ ವೈ.ವಿ. ಚಂದ್ರಚೂಡರ ಮಗ. ತಂದೆ ಸಹಿ ಹಾಕಿದ ತೀರ್ಪನ್ನು ಮಗ ತಪ್ಪೆಂದು ಬರೆದರು. ಖನ್ನಾ ಅವರು ಒಂಟಿಯಾಗಿ ಆಡಿದ ಮಾತು ದೇಶದ ಕಾನೂನಾಗಲು ನಲವತ್ತೊಂದು ವರ್ಷ ಹಿಡಿಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಶಿಫಾರಸು ಮತ್ತು ಹಕ್ಕು

ಇಷ್ಟೆಲ್ಲ ದೊಡ್ಡವರ ಕಥೆಯಾಯಿತು. ಇನ್ನು ನಮ್ಮ ಬೀದಿಯ ಮಾತಿಗೆ ಬರೋಣ. ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಮ್ಮಂಥವರ ಬಾಗಿಲಿಗೆ ಅಪರಾತ್ರಿಯಲ್ಲಿ ಬರುವ ತಂದೆತಾಯಿಗಳ ಮಾತು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: “ಫಾದರ್, ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋಗಿದ್ದಾರೆ. ನಿಮಗೆ ಗುರುತಿದ್ದವರಿಗೆ ಒಂದು ಫೋನು ಮಾಡಿ ಬಿಡಿಸಿಕೊಡಿ.” ಅವರ ದುಃಖ ನಮಗೆ ಅರ್ಥವಾಗುತ್ತದೆ. ಕರುಳಿನ ಸಂಕಟಕ್ಕೆ ಕಾನೂನಿನ ಪುಸ್ತಕ ನೆನಪಾಗದು. ಆದರೆ ಅವರು ಕೇಳುತ್ತಿರುವುದು ಹಕ್ಕಲ್ಲ, ಶಿಫಾರಸು. ಈ ಎರಡರ ನಡುವಿನ ಅಂತರ ಬಹಳ ದೊಡ್ಡದು.

ಶಿಫಾರಸು ಗುರುತಿರುವವರ ಮಗನನ್ನು ಬಿಡಿಸುತ್ತದೆ. ಫೋನು ಮಾಡಲು ಯಾರೂ ಇಲ್ಲದವನು ಅದೇ ಬೆಂಚಿನ ಮೇಲೆ ಕುಳಿತಿರುತ್ತಾನೆ. ಶಿಫಾರಸು ಸಹಸ್ರಾಧಿಪತಿಯು ಹಣ ಕೊಟ್ಟು ಕೊಂಡ ಪೌರತ್ವದಂಥದು; ಉಳ್ಳವರಿಗೆ ಉಂಟು, ಇಲ್ಲದವರಿಗೆ ಇಲ್ಲ. ಅದು ಕೈಕೊಡುವ ದಿನವೂ ಬರುತ್ತದೆ. 1975ರಲ್ಲಿ ಸೆರೆಯಾದವರಲ್ಲಿ ಎಷ್ಟೋ ಜನ ಲೋಕಸಭಾ ಸದಸ್ಯರು, ಊರಿಗೆಲ್ಲ ಶಿಫಾರಸು ಪತ್ರ ಬರೆದುಕೊಡುತ್ತಿದ್ದವರು. ಹಕ್ಕು ಅಮಾನತಾದ ದಿನ ಅವರ ಗುರುತು ಅವರನ್ನೇ ಕಾಯಲಿಲ್ಲ.

ಹಕ್ಕಿನ ದಾರಿ ಯಾವುದು? ಸಂವಿಧಾನದ 22ನೆಯ ವಿಧಿಯ ಪ್ರಕಾರ, ಬಂಧಿತನಿಗೆ ಬಂಧನದ ಕಾರಣವನ್ನು ಬೇಗನೆ ತಿಳಿಸಬೇಕು. ತನಗೆ ಬೇಕಾದ ವಕೀಲರೊಡನೆ ಸಮಾಲೋಚಿಸಲು ಅವನಿಗೆ ಅವಕಾಶವಿರಬೇಕು. ಪ್ರಯಾಣದ ವೇಳೆಯನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳ ಒಳಗೆ ಅವನನ್ನು ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ಮುಂಜಾಗ್ರತಾ ಬಂಧನದ ಕಾಯಿದೆಗಳಲ್ಲಿ ಹಿಡಿದವರಿಗೆ ಈ ವಿಧಿಯ ಪೂರ್ಣ ರಕ್ಷಣೆ ಇಲ್ಲವೆಂಬುದನ್ನೂ ಹೇಳಬೇಕು. ಆದರೆ ಸಾಮಾನ್ಯ ಪ್ರಕರಣಗಳಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಪಶ್ಚಿಮ ಬಂಗಾಳದ ಡಿ.ಕೆ. ಬಸು ಎಂಬವರು ಪೊಲೀಸ್ ವಶದಲ್ಲಿ ಆಗುವ ಸಾವುಗಳ ಬಗ್ಗೆ 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯ 1996ರ ಡಿಸೆಂಬರ್ 18ರಂದು ಕೊಟ್ಟ ತೀರ್ಪಿನಲ್ಲಿ ಸೂಚನೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿತು. ಹಿಡಿಯುವ ಪೊಲೀಸರು ಹೆಸರು ಮತ್ತು ಹುದ್ದೆ ಕಾಣುವ ಬಿಲ್ಲೆ ಧರಿಸಿರಬೇಕು. ದಸ್ತಗಿರಿಯ ದಿನ ಮತ್ತು ಹೊತ್ತನ್ನು ಬರೆದು, ಸಾಕ್ಷಿಯ ಸಹಿಯೊಡನೆ ಬಂಧಿತನ ಸಹಿಯನ್ನೂ ಪಡೆಯಬೇಕು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ವಶದಲ್ಲಿರುವಾಗ ನಲವತ್ತೆಂಟು ಗಂಟೆಗಳಿಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ದಸ್ತಗಿರಿಯ ಪತ್ರ, ಬಂಧುಗಳಿಗೆ ತಿಳಿವಳಿಕೆ ಇವೆಲ್ಲ ಸೇರಿವೆ. ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದ ಮಹಿಳಾ ಅಧಿಕಾರಿಯ ಹೊರತು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯರನ್ನು ದಸ್ತಗಿರಿ ಮಾಡುವಂತಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಮಾತಿಗೂ ಉತ್ತರವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಬಂಧನದಲ್ಲಿರುವ ಯಾರೇ ಆಗಲಿ, ಆದಾಯವೆಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಛೇರಿಯಿದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ನೆರವು ಸಿಗುತ್ತದೆ. ಮಾಡಬೇಕಾದ ಮೊದಲ ಫೋನು ಅದೇ.

ತಪ್ಪಿತಸ್ಥನಿಗೇಕೆ ಹಕ್ಕು?

ಸಜ್ಜನರಾದ ನಮ್ಮ ಎಷ್ಟೋ ಓದುಗರ ಮನಸ್ಸಿನಲ್ಲಿ ಒಂದು ಆಕ್ಷೇಪಣೆ ಇರುತ್ತದೆ. ತಪ್ಪು ಮಾಡಿದವನಿಗೇಕೆ ಇಷ್ಟೆಲ್ಲ ಉಪಚಾರ? ಎರಡು ಏಟು ಬಿದ್ದರೆ ಬುದ್ಧಿ ಬರುತ್ತದೆ. ಕದ್ದವನ ಮನೆಯವರ ಕಣ್ಣೀರಿಗಿಂತ ಕಳೆದುಕೊಂಡವರ ಕಣ್ಣೀರು ದೊಡ್ಡದಲ್ಲವೇ? ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಳೆದುಕೊಂಡವರಿಗೂ ನ್ಯಾಯದ ಹಕ್ಕಿದೆ, ಅದೂ ಪೂರ್ಣವಾಗಿದೆ. ಆದರೆ ಒಬ್ಬನು ತಪ್ಪು ಮಾಡಿದನೋ ಇಲ್ಲವೋ ಎಂಬುದನ್ನು ಹೇಳುವ ಕೆಲಸ ನ್ಯಾಯಾಧೀಶರದು. ಸಂತ ಪೌಲರು ಕೇಳಿದ್ದೂ ಅದನ್ನೇ: ವಿಚಾರಣೆಗೆ ಮೊದಲು ಶಿಕ್ಷೆಯೇ? ನಮ್ಮ ದೇಶದ ಸೆರೆಮನೆಗಳಲ್ಲಿರುವವರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ವಿಚಾರಣಾಧೀನರು. ಅಪರಾಧಿಗಳೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿರದವರು ಅವರು.

ಯೇಸುಸಭೆಯ ವಂದನೀಯ ಸ್ಟ್ಯಾನ್ ಸ್ವಾಮಿಯವರನ್ನು ಇಲ್ಲಿ ಸ್ಮರಿಸದೆ ಇರಲಾಗದು. 1975ರಿಂದ ಸುಮಾರು ಹತ್ತು ವರ್ಷ ಅವರು ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಬಳಿಕ ಜಾರ್ಖಂಡಿಗೆ ಹೋಗಿ, ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ಅಲ್ಲಿನ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2020ರ ಅಕ್ಟೋಬರ್ 8ರಂದು, ಎಂಬತ್ತಮೂರರ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರ ದಸ್ತಗಿರಿಯಾಯಿತು. ಜಾಮೀನು ಸುಲಭವಾಗಿ ಸಿಗದಂಥ ಕಾಯಿದೆ ಅದು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದುದರಿಂದ ನೀರು ಕುಡಿಯಲು ಒಂದು ಕೊಳವೆ ಬೇಕೆಂದು ಅವರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಜಾಮೀನಿನ ಅರ್ಜಿ ಇತ್ಯರ್ಥವಾಗುವ ಮೊದಲೇ, 2021ರ ಜುಲೈ 5ರಂದು, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು. ಅವರ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆ ನಡೆಯಲೇ ಇಲ್ಲ. ನಡೆಯಬೇಕಾಗಿತ್ತು ಎಂಬುದೇ ನಮ್ಮ ಮಾತು. ನಮ್ಮ ಗುರುವೆಂಬ ಕಾರಣಕ್ಕೆ ನಮಗೆ ಅವರ ವಿಷಯ ನೋವು ತಂದಿತು. ಅವರು ಯಾರಿಗಾಗಿ ನ್ಯಾಯಾಲಯಕ್ಕೆ ಹೋದರೋ ಆ ಆದಿವಾಸಿ ಹುಡುಗರ ಹೆಸರು ಮಾತ್ರ ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಅವರ ಹಕ್ಕು ಸ್ಟ್ಯಾನ್ ಸ್ವಾಮಿಯವರ ಹಕ್ಕಿಗಿಂತ ಕಡಿಮೆಯದಲ್ಲ.

ಹಕ್ಕಿಗೆ ಎಲ್ಲೆಯಿಲ್ಲವೆಂದು ಯಾರೂ ಭಾವಿಸಬಾರದು. ವಾಕ್ ಸ್ವಾತಂತ್ರ್ಯವನ್ನು ಕೊಡುವ 19ನೆಯ ವಿಧಿಯೇ ಅದಕ್ಕೆ ನ್ಯಾಯಬದ್ಧ ನಿರ್ಬಂಧಗಳನ್ನೂ ಹೇಳುತ್ತದೆ. ಧರ್ಮಸ್ವಾತಂತ್ರ್ಯವನ್ನು ಕೊಡುವ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೀತಿ ಮತ್ತು ಆರೋಗ್ಯದ ಎಲ್ಲೆಯನ್ನು ಮೊದಲೇ ಹಾಕಿದೆ. ನನ್ನ ಹಕ್ಕೆಂದರೆ ನೆರೆಯವನ ಮೇಲಿನ ಸವಾರಿಯಲ್ಲ. ನನ್ನ ಹಕ್ಕನ್ನು ನೆರೆಯವನು ಗೌರವಿಸಬೇಕಾದಂತೆಯೇ ಅವನ ಹಕ್ಕನ್ನು ಕಾಯುವುದು ನನ್ನ ಕರ್ತವ್ಯ.

ಆದುದರಿಂದ, ಪ್ರಿಯ ಓದುಗರೇ, ನಾವು ಎರಡು ಸಣ್ಣ ಕೆಲಸಗಳನ್ನು ಸೂಚಿಸಬಯಸುತ್ತೇವೆ. 22ನೆಯ ವಿಧಿಯಲ್ಲಿರುವ ನಾಲ್ಕು ಸಾಲುಗಳನ್ನು ಹದಿನೆಂಟು ತುಂಬಿದ ಮಗನಿಗೂ ಮಗಳಿಗೂ ಓದಿ ಹೇಳಿ. ನಮ್ಮ ಧರ್ಮಕೇಂದ್ರಗಳಲ್ಲಿ ಕಾನೂನು ಓದಿದ ತರುಣರು ಇದ್ದೇ ಇದ್ದಾರೆ. ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ಸಭಾಂಗಣದಲ್ಲಿ ಕುಳಿತು, ಜಾತಿಮತ ಕೇಳದೆ, ಬಂದವರ ಅರ್ಜಿ ಬರೆದುಕೊಡಲಿ. ಇನ್ನು ಯಾವುದಾದರೂ ರಾತ್ರಿ ಮಗನಿಗಾಗಿ ಠಾಣೆಗೆ ಹೋಗುವ ಸಂಕಟ ಯಾರಿಗಾದರೂ ಬಂದರೆ, ದಸ್ತಗಿರಿಯ ಪತ್ರವನ್ನೂ ವಕೀಲರನ್ನೂ ಗೌರವದಿಂದಲೇ ಕೇಳಿ. ಕೇಳುವಾಗ ಬೆಂಚಿನ ಇನ್ನೊಂದು ತುದಿಯಲ್ಲಿ ಯಾರಾದರೂ ಒಬ್ಬನೇ ಕುಳಿತಿದ್ದರೆ, ಅವನ ಮನೆಯವರಿಗೆ ತಿಳಿಸಿದ್ದಾರೆಯೇ ಎಂದೂ ಒಂದು ಮಾತು ಕೇಳಿ.